ಸಂಭಾವನೆ ಎಂಬ ಪದ ಗಡಿ ದಾಟಿದಾಗ: ಕಾಸರಗೋಡಿನ ಕನ್ನಡ ವಿದ್ಯಾರ್ಥಿ, ಇಂಟರ್ನ್‌ಶಿಪ್ ಮತ್ತು ಸೇವೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಧ್ವನಿ ಕೇಳ್ತಾ ಉಂಟಲ್ಲ? ಇಲ್ಲಿ ಜೋರು ಮಳೆ. ಕರೆಂಟು ಹೋದರೆ ಮೊಬೈಲಿನಿಂದ ಪುನಃ ಬರ್ತೇನೆ.

ಉದ್ಯಮಗಳ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಹಭಾಗಿತ್ವದಲ್ಲಿ ವಿದ್ಯಾರ್ಥಿಗಳನ್ನು ವೃತ್ತಿಗೆ ಸಜ್ಜುಗೊಳಿಸುವುದು ಹೇಗೆ ಎನ್ನುವುದು ನನಗೆ ಕೊಟ್ಟ ವಿಷಯ. ಇದು ವಾಣಿಜ್ಯ ವಿಭಾಗದವರ ವಿಷಯ ಅಲ್ವಾ, ಸಾಹಿತ್ಯದವರು ಇದರಲ್ಲಿ ಎಂತ ಹೇಳ್ಲಿಕ್ಕೆ ಉಂಟು ಅಂತ ಮೊದಲು ಅನಿಸಿತು. ಆಮೇಲೆ ನನ್ನ ಫೈಲಿನಲ್ಲಿದ್ದ ಒಂದು ಕಾಗದ ನೆನಪಾಯಿತು. ಅದನ್ನು ಒಂದು ಪಠ್ಯ ಅಂತ ತೆಗೆದುಕೊಂಡು ಓದುವುದು ನನಗೆ ಬರುವ ಕೆಲಸ. ಹಾಗಾಗಿ ಇವತ್ತಿನ ವಿಮರ್ಶೆ ಒಂದು ಕವಿತೆಯದ್ದಲ್ಲ, ಒಂದು ಇಂಟರ್ನ್‌ಶಿಪ್ ಪ್ರಮಾಣಪತ್ರದ್ದು.

ಪ್ರಮಾಣಪತ್ರದಲ್ಲಿ ಇರುವುದು ಎರಡೇ ವಾಕ್ಯ. ಇಂಥವರು ಇಂಥ ದಿನದಿಂದ ಇಂಥ ದಿನದ ತನಕ ನಮ್ಮಲ್ಲಿ ಇಂಟರ್ನ್‌ಶಿಪ್ ತೃಪ್ತಿಕರವಾಗಿ ಪೂರ್ಣಗೊಳಿಸಿದ್ದಾರೆ. ಕಚೇರಿ ಕೆಲಸಗಳಲ್ಲಿ ಸಹಕರಿಸಿದ್ದಾರೆ. ಮುಗಿಯಿತು. ಎಂ.ಎ. ಮೊದಲ ವರ್ಷದ ರಜೆಯಲ್ಲಿ 30 ದಿನ ನಾನು ಅಲ್ಲಿ ಎಂತ ಮಾಡಿದೆ ಅನ್ನುವುದು ಅದರಲ್ಲಿ ಇಲ್ಲ. ಅದು ಜನ ಅರ್ಜಿ ತುಂಬಿಸ್ಲಿಕ್ಕೆ ಬರುವ ಒಂದು ಜಾಗ, ಹೆಸರು ಬೇಡ. ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆಯಿಂದ ಬರುವವರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಕಲಿತವರು, ಮನೆಯಲ್ಲಿ ತುಳು, ಹವ್ಯಕ, ಮರಾಟಿ, ಬ್ಯಾರಿ ಮಾತಾಡುವವರು. ಅರ್ಜಿ ಮಲಯಾಳದಲ್ಲಿ. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ದಿನಕ್ಕೆ ಇಪ್ಪತ್ತು ಮೂವತ್ತು ಜನ. ಓದಿ ಹೇಳುವುದು, ಕೇಳಿ ಬರೆಯುವುದು, ಕನ್ನಡದಲ್ಲಿ ಬರೆದು ತಂದದ್ದನ್ನು ಮಲಯಾಳಕ್ಕೆ ಮಾಡುವುದು. ಕನ್ನಡದಲ್ಲಿ ಇದಕ್ಕೆ ಅನುವಾದ ಅಂತ ಹೆಸರು ಉಂಟು. ಪ್ರಮಾಣಪತ್ರ ಅದನ್ನು ಸಹಕಾರ ಅಂತ ಕರೆಯಿತು.

ಆ ಕುರ್ಚಿಯಲ್ಲಿ ಕೂತು ಕಲಿತದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳ್ತೇನೆ, ಯಾಕೆಂದರೆ ಸುಲಭದ ಕೆಲಸ ಅಂತ ಭಾವಿಸುವವರಿದ್ದಾರೆ. ಎರಡೂ ಭಾಷೆಯಲ್ಲಿ ಇರುವ ಸಂಸ್ಕೃತ ಪದಗಳೇ ಇಲ್ಲಿ ದೊಡ್ಡ ಹೊಂಡ. ಜಾಗದ ಸ್ವಾಧೀನ ತೋರಿಸುವ ಕಾಗದಕ್ಕೆ ಮಲಯಾಳದಲ್ಲಿ 'ಕೈವಶಾವಕಾಶ' ಸರ್ಟಿಫಿಕೇಟ್ ಅನ್ನುತ್ತಾರೆ. ಕನ್ನಡ ಕಿವಿಗೆ ಅದು ಕೈವಶ ಮಾಡಿಕೊಳ್ಳುವ ಅವಕಾಶ, ಒಂದು ಚಾನ್ಸ್, ಅಂತ ಕೇಳ್ತದೆ. ಒಬ್ಬರು ಅಜ್ಜ ನನ್ನ ಹತ್ತಿರ ಕೇಳಿಯೇ ಬಿಟ್ಟರು: "ಜಾಗ ಮೊದಲಿನಿಂದಲೇ ನನ್ನದಲ್ವಾ, ಇನ್ನೆಂತ ಅವಕಾಶ?" ಮಲಯಾಳದಲ್ಲಿ 'ಅವಕಾಶಂ' ಅಂದರೆ ಹಕ್ಕು. ಮಾಹಿತಿ ಹಕ್ಕಿಗೆ ಅಲ್ಲಿ 'ವಿವರಾವಕಾಶಂ', ವಾರಸುದಾರನಿಗೆ 'ಅನಂತರಾವಕಾಶಿ'. ನಮ್ಮಲ್ಲಿ ಅವಕಾಶ ಅಂದರೆ ಯಾರೋ ಕೊಟ್ಟರೆ ಸಿಗುವಂಥದ್ದು, ಕೊಡದಿದ್ದರೆ ಇಲ್ಲ. ಕಾಗುಣಿತ ಒಂದೇ. ಅರ್ಥ ಕಚೇರಿ ಮೇಜಿನ ಆಚೆ ಒಂದು, ಈಚೆ ಇನ್ನೊಂದು.

ಸ್ವಯಂಸೇವಕರಿಗೆ ಮಲಯಾಳದಲ್ಲಿ 'ಸನ್ನದ್ಧ ಪ್ರವರ್ತಕರ್'. 2020ರಲ್ಲಿ ಕೇರಳ ಸರಕಾರ ಸ್ವಯಂಸೇವಕರ ಪಡೆ ಕಟ್ಟಿದಾಗ ಅದಕ್ಕೆ ಸನ್ನದ್ಧ ಸೇನೆ ಅಂತಲೇ ಹೆಸರು. ಕನ್ನಡದಲ್ಲಿ ಸನ್ನದ್ಧ ಅಂದರೆ ತಯಾರಾಗಿ ನಿಂತವನು. ಸ್ವಂತ ಇಚ್ಛೆ ಅನ್ನುವ ಅರ್ಥ ಅದರಲ್ಲಿಲ್ಲ. ಪ್ರವರ್ತಕ ಅಂದರೆ ಒಂದು ಪಂಥವನ್ನೋ ಸಂಸ್ಥೆಯನ್ನೋ ಶುರು ಮಾಡಿದ ದೊಡ್ಡ ಮನುಷ್ಯ. ಹಾಗೆ ನಾನು 30 ದಿನ ಕನ್ನಡದ ಲೆಕ್ಕದಲ್ಲಿ ಪ್ರವರ್ತಕ ಆಗಿದ್ದೆ, ಅದೊಂದು ಸಂತೋಷ.

ಆದರೆ ನನ್ನನ್ನು ನಿಜವಾಗಿ ನಿಲ್ಲಿಸಿದ ಪದ 'ಸಂಭಾವನೆ'. ಕೊನೆಯ ವಾರ ಒಂದು ರಶೀದಿ ಪುಸ್ತಕದ ಮೇಲೆ ಮಲಯಾಳದಲ್ಲಿ 'ಸಂಭಾವನ' ಅಂತ ಕಂಡೆ. ಕನ್ನಡದಲ್ಲಿ ಸಂಭಾವನೆ ಅಂದರೆ ಮಾಡಿದ ಕೆಲಸಕ್ಕೆ ಮರ್ಯಾದೆಯಿಂದ ಕೊಡುವ ಹಣ. ಭಾಷಣಕ್ಕೆ, ಲೇಖನಕ್ಕೆ, ಪರೀಕ್ಷೆಯ ಮೌಲ್ಯಮಾಪನಕ್ಕೆ ಕೊಡ್ತಾರಲ್ಲ, ಅದು. ಒಂದು ಗಳಿಗೆ, ಕೊನೆಗೂ ನೆನಪಾಯಿತು ಇವರಿಗೆ, ಅಂದುಕೊಂಡೆ. ಆದರೆ ಮಲಯಾಳದಲ್ಲಿ ಸಂಭಾವನ ಅಂದರೆ ದೇಣಿಗೆ. ಅದು ಯಾವುದೋ ಕಾರ್ಯಕ್ರಮಕ್ಕೆ ನಮ್ಮಿಂದ ಚಂದಾ ಎತ್ತುವ ಪುಸ್ತಕ. 50 ರೂಪಾಯಿ ಕೊಟ್ಟೆ. ತಮಾಷೆ ಅಂತ ಹಲವು ಸಲ ಹೇಳಿದ್ದೇನೆ ಇದನ್ನು. ಈ ಪ್ರಬಂಧ ಬರೆಯುವಾಗ ಮಾತ್ರ ಅದು ತಮಾಷೆಯಾಗಿ ಕಾಣಲಿಲ್ಲ. ಕನ್ನಡದಲ್ಲಿ ನನಗೆ ಬರಬೇಕಾದದ್ದು, ಇಲ್ಲಿ ನಾನು ಕೊಡಬೇಕಾದದ್ದು. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗೆ ಈ ಸಹಭಾಗಿತ್ವದಲ್ಲಿ ಆಗುತ್ತಿರುವುದು ಇಷ್ಟೇ. ಅಂದ ಹಾಗೆ ಕೂಲಿ, ಸಂಬಳ ಎನ್ನುವ ಪದಗಳು ಗಡಿ ದಾಟುವಾಗ ಅರ್ಥ ಬದಲಿಸುವುದಿಲ್ಲ. ಕೂಲಿ ಅಲ್ಲಿಯೂ ಕೂಲಿ, ಸಂಬಳ 'ಶಂಬಳಂ'.

ಇದು ನನ್ನ ಒಬ್ಬರ ತಕರಾರು ಅಲ್ಲ ಅನ್ನಲಿಕ್ಕೆ ಎರಡು ಸಂಗತಿ ಹೇಳಬೇಕು. ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಬಂತು. ಇಂಟರ್ನ್‌ಶಿಪ್ ಈಗ ಕ್ರೆಡಿಟ್ ಲೆಕ್ಕಕ್ಕೆ ಸೇರಿದೆ. ನಮಗಿಂತ ಚಿಕ್ಕವರು ಎಲ್ಲರೂ ಎಲ್ಲೋ ಒಂದು ಕಡೆ ಹೋಗಿ ಕೂರಲೇಬೇಕು. ಕಂಪ್ಯೂಟರ್ ವಿಭಾಗದವರಿಗೆ ಕಂಪನಿ, ವಾಣಿಜ್ಯದವರಿಗೆ ಬ್ಯಾಂಕು, ಲೆಕ್ಕಪರಿಶೋಧಕರ ಆಫೀಸು. ಕನ್ನಡದವರಿಗೆ? ಪತ್ರಿಕಾಲಯ ಒಂದೆರಡು, ಗ್ರಂಥಾಲಯ, ಮತ್ತೆ ಈ ಪ್ಲಾಸ್ಟಿಕ್ ಕುರ್ಚಿ.

ಎರಡನೆಯದು, ಈ ಕುರ್ಚಿಯ ಹಿಂದೆ ಒಂದು ಕಾನೂನು ಉಂಟು. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಲ್ಲಿಯೂ. ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಅಂದರೆ ಪೈವಳಿಕೆಯ ಅಜ್ಜನಿಗೆ ಕನ್ನಡ ಉಪಕಾರ ಅಲ್ಲ, ಮಲಯಾಳದ ಅರ್ಥದಲ್ಲಿ ಅವಕಾಶಂ. ಆ ಹಕ್ಕನ್ನು ನಡೆಸಿಕೊಡಬೇಕಾದ ಕೆಲಸವನ್ನು ಒಬ್ಬ ವಿದ್ಯಾರ್ಥಿಯ ಕನ್ನಡದ ಅವಕಾಶಕ್ಕೆ, ಅಂದರೆ "ನಿಮಗೊಂದು ಒಳ್ಳೆ ಚಾನ್ಸ್" ಅನ್ನುವುದಕ್ಕೆ, ಹೊರಿಸಿದ್ದಾರೆ. ಈ ಜ್ಞಾನಕ್ಕೆ ಬೆಲೆ ಉಂಟು ಅಂತ ಸರಕಾರಕ್ಕೆ ಗೊತ್ತಿಲ್ಲ ಅಂತ ಅಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಲೋಕಸೇವಾ ಆಯೋಗ ಗುಮಾಸ್ತರ ಹುದ್ದೆಗೆ ಅರ್ಜಿ ಕರೆಯುತ್ತದೆ. ಹುದ್ದೆಯಲ್ಲಿ ಕೂತವರಿಗೆ ಅದು ಅರ್ಹತೆ, ಸಂಬಳದ ಕಾರಣ. ಪಕ್ಕದ ಕುರ್ಚಿಯ ವಿದ್ಯಾರ್ಥಿಗೆ ಅದು ಸಮಾಜಸೇವೆ.

ಕಾನೂನಿನ ಭಾಷೆಯಲ್ಲಿ ಇನ್ನೊಂದು ಕಡೆ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕಲಿಯುವವನಿಗೆ ತಿಂಗಳ ಭತ್ಯೆ ಕೊಡುವುದು ಕಡ್ಡಾಯ. 2014ರ ತಿದ್ದುಪಡಿಯ ಮೇಲೆ ಎಂಜಿನಿಯರಿಂಗ್ ಅಲ್ಲದ ಪದವೀಧರರೂ ಅದರೊಳಗೆ ಬಂದರು. 2019ರಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ನಿಗದಿಯಾಯಿತು. ಅಪ್ರೆಂಟಿಸ್, ಇಂಟರ್ನ್, ಸ್ವಯಂಸೇವಕ ಮೂವರೂ ಒಂದೇ ಮೇಜಿನಲ್ಲಿ ಒಂದೇ ಕೆಲಸ ಮಾಡಬಹುದು. ಯಾವ ಪದದಿಂದ ಕರೆದಿದ್ದಾರೆ ಎನ್ನುವುದರ ಮೇಲೆ ಬಸ್ಸಿನ ಖರ್ಚು ಯಾರದ್ದು ಅನ್ನುವುದು ತೀರ್ಮಾನ ಆಗ್ತದೆ. ಪದಗಳನ್ನು ಓದುವುದು ನಮ್ಮ ವಿಭಾಗದ ಕಸುಬು ಅಲ್ವಾ, ಹಾಗಾಗಿ ಇದು ನಮ್ಮ ವಿಷಯವೇ.

ನಾನು ಸ್ವಯಂಸೇವೆಯ ವಿರೋಧಿ ಅಲ್ಲ. ಎನ್.ಎಸ್.ಎಸ್.ನಲ್ಲಿ ಎರಡು ವರ್ಷ 240 ಗಂಟೆ ತುಂಬಿಸಿದವರಲ್ಲಿ ನಾನೂ ಸೇರಿದ್ದೇನೆ. ತೋಡಿಗೆ ಕಟ್ಟ ಕಟ್ಟಿದ್ದು, ಏಳು ದಿನದ ಶಿಬಿರದಲ್ಲಿ ಗಂಜಿ ಊಟ ಮಾಡಿದ್ದು ಎಲ್ಲ ನನಗೆ ಪ್ರೀತಿಯ ನೆನಪೇ. ಕೇರಳದಲ್ಲಿ ಸಾಕ್ಷರತಾ ಆಂದೋಲನ ನಡೆದದ್ದು ಸ್ವಯಂಸೇವಕರಿಂದ. ಎಂಡೋಸಲ್ಫಾನ್ ಸಿಂಪಡಣೆಯಿಂದ ನರಳಿದ ಎಣ್ಮಕಜೆ, ಪಡ್ರೆ ಸುತ್ತಿನ ಮನೆಗಳಿಗೆ ಮೊದಲು ಕಿವಿಕೊಟ್ಟವರು ಕೂಡ ಹಣಕ್ಕೆ ಹೋದವರಲ್ಲ. ಎನ್.ಎಸ್.ಎಸ್.ನ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಒಳ್ಳೆಯ ವಾಕ್ಯ. ಅದರಲ್ಲಿ ನಾನು ಮತ್ತು ನೀನು ಎದುರುಬದುರು ಇದ್ದೇವೆ. ಕಟ್ಟ ಕಟ್ಟುವಾಗ ಆ 'ನೀನು' ಯಾರು ಅಂತ ನನಗೆ ಗೊತ್ತಿತ್ತು, ತೋಡಿನ ಕೆಳಗಿನ ಗದ್ದೆಯವರು. ಸಹಭಾಗಿತ್ವದಲ್ಲಿ ಒಬ್ಬ ಮೂರನೆಯವನು ನಡುವೆ ಬರುತ್ತಾನೆ, ಸಂಸ್ಥೆ. ನಾನು ಅಜ್ಜನಿಗೆ ಕೊಟ್ಟದ್ದು ಸಂಸ್ಥೆಯ ವರದಿಯಲ್ಲಿ ಸಂಸ್ಥೆ ಕೊಟ್ಟ ಸೇವೆ ಅಂತ ದಾಖಲಾಗುತ್ತದೆ. ಮೂರನೆಯವನಿಗೆ ಈ ಧ್ಯೇಯವಾಕ್ಯದಲ್ಲಿ ಸರ್ವನಾಮವೇ ಇಲ್ಲ.

ಇನ್ನು ನಮ್ಮ ಮನೆಯ ತಪ್ಪು. ಗುರುಗಳು ಬೇಸರ ಮಾಡಬಾರದು. ಕನ್ನಡ ವಿಭಾಗಗಳಲ್ಲಿ ದುಡಿಮೆಯ ಬಗ್ಗೆ ನಾವು ಬಹಳ ಎತ್ತರದ ದನಿಯಲ್ಲಿ ಮಾತಾಡುತ್ತೇವೆ. ಕಾಯಕ ಅಂದ ಕೂಡಲೇ ಕೈಲಾಸಕ್ಕೆ ಹೋಗುತ್ತೇವೆ, ಅಂಗಡಿಗೆ ಹೋಗುವುದಿಲ್ಲ. ಒಂದು ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಉದ್ಘಾಟನೆಯ ಬ್ಯಾನರಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ಚಿತ್ರ, ಕೆಳಗೆ ಅವರ ಆತ್ಮಕಥೆಯ ಹೆಸರು: 'ದುಡಿತವೇ ನನ್ನ ದೇವರು'. ರೈಗಳು (1915–2015) ನಮ್ಮ ಊರಿನ ದೊಡ್ಡ ಜೀವ. ಮೇಷ್ಟ್ರಾಗಿ, ಪತ್ರಕರ್ತರಾಗಿ, ಕೃಷಿಕರಾಗಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದವರಾಗಿ ದುಡಿದ ಮನುಷ್ಯ ತನ್ನ ಬದುಕಿನ ಕಡೆಗೆ ತಿರುಗಿ ನೋಡಿ ಇಟ್ಟ ಹೆಸರು ಅದು. ಅದರಲ್ಲಿ 'ನನ್ನ' ಅನ್ನುವ ಪದ ಉಂಟು. ಬ್ಯಾನರಿಗೆ ಬಂದಾಗ ಆ 'ನನ್ನ' ಸದ್ದಿಲ್ಲದೆ 'ನಿಮ್ಮ' ಆಗುತ್ತದೆ. ಮೇಷ್ಟ್ರ ಸಂಬಳ ಪಡೆದು, ಸ್ವಂತ ಮಣ್ಣಿನಲ್ಲಿ ಕೃಷಿ ಮಾಡಿದ ಒಬ್ಬರ ನಂಬಿಕೆಯನ್ನು, ಸಂಬಳವೂ ಮಣ್ಣೂ ಇಲ್ಲದ 20 ವರ್ಷದವರಿಗೆ ಸೂಚನೆಯಾಗಿ ಕೊಡುವುದು ಆ ಪುಸ್ತಕದ ಮೇಲೆಯೂ ಅನ್ಯಾಯ.

ವಚನಕಾರರ ಕಡೆಗೂ ಇದೇ ಕಣ್ಣಿನಿಂದ ನೋಡಬೇಕು. ನುಲಿಯ ಚಂದಯ್ಯನ ಕಥೆಯನ್ನು ನಾವು ಹೇಳುವಾಗ ಲಿಂಗಕ್ಕಿಂತ ಕಾಯಕ ದೊಡ್ಡದು ಎನ್ನುವಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಸುಮ್ಮನೆ ಹಂಚಲಿಲ್ಲ. ಮಾರಿದ. ಬಂದ ಹಣದಿಂದ ದಾಸೋಹ ಮಾಡಿದ. ಈ ಅನುಕ್ರಮ ಮುಖ್ಯ ಅಂತ ನನಗೆ ಕಾಣುತ್ತದೆ: ಕಾಯಕ, ಅದರ ನ್ಯಾಯವಾದ ಬೆಲೆ, ಆಮೇಲೆ ದಾಸೋಹ. ನಡುವಿನದನ್ನು ಎತ್ತಿ ಬಿಟ್ಟರೆ ಉಳಿಯುವುದಕ್ಕೆ ಶಾಸನಗಳಲ್ಲಿ ಬೇರೆ ಪದ ಉಂಟು, ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಊಳಿಗದವನಿಂದ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ದಾಸೋಹ ಮಾಡುವವನು ತನ್ನ ಸಂಪಾದನೆಯನ್ನು ತಾನೇ ಕೊಡುತ್ತಾನೆ. ಬಿಟ್ಟಿಯಲ್ಲಿ ಆ ಸಂಪಾದನೆ ಅವನ ಕೈಗೆ ಬರುವುದೇ ಇಲ್ಲ.

ಹಾಗಾದರೆ ಸರಿಯಾದ ಸಹಭಾಗಿತ್ವ ಅಂತ ಒಂದು ಇದೆಯಾ? ನಮ್ಮ ಹಿತ್ತಿಲಲ್ಲೇ ಇದೆ, ಆದರೆ ಸಾಹಿತ್ಯ ವಿಭಾಗದವರು ಅದನ್ನು ಓದುವುದು ಕಡಿಮೆ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ'. ಅಡಿಕೆ ಬೆಳೆಗಾರರ ಸಂಘಟನೆಯ ಬೆನ್ನೆಲುಬು, ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಶ್ರೀ ಪಡ್ರೆ ನಮ್ಮ ಕಾಸರಗೋಡು ಜಿಲ್ಲೆಯವರು. ಬೆಳೆಯ ವ್ಯವಹಾರ ಒಂದು ಕಡೆ, ಬರೆಯುವ ಹವ್ಯಾಸ ಇನ್ನೊಂದು ಕಡೆ. ಎರಡನ್ನೂ ಜೋಡಿಸಿದ್ದು 'ಕೃಷಿಕರ ಕೈಗೆ ಲೇಖನಿ' ಅನ್ನುವ ಒಂದು ಸರಳ ಸೂತ್ರ. ಪಂಡಿತರು ಕೃಷಿಕನಿಗೆ ಬರೆಯುವುದಲ್ಲ, ಕೃಷಿಕನೇ ಬರೆಯುವುದು. ಬರೆಯಲಿಕ್ಕೆ ಬರುವುದಿಲ್ಲ ಅಂದವರಿಗೆ ಶಿಬಿರ ಮಾಡಿ ಕಲಿಸಿದರು.

ನಮ್ಮ ಅಜ್ಜನ ಮನೆಯಲ್ಲಿ ಹಳೆಯ ಸಂಚಿಕೆಗಳ ಕಟ್ಟು ಇತ್ತು. ಈಗ ವಿದ್ಯಾರ್ಥಿಯ ಕಣ್ಣಿನಿಂದ ಅವುಗಳನ್ನು ಪುನಃ ಓದಿದೆ. ಆ ಗದ್ಯದ ಗುಣ ನೋಡಿ: ಕರ್ತೃ ಇದ್ದಾನೆ, ಕರ್ಮ ಇದೆ, ಲೆಕ್ಕ ಇದೆ. ಯಾರು, ಯಾವ ಊರಲ್ಲಿ, ಎಷ್ಟು ಸಸಿಗೆ, ಎಂತ ಹಾಕಿದ, ಎಷ್ಟು ಖರ್ಚಾಯಿತು, ಎಲ್ಲಿ ಸೋತ. ಕೊನೆಗೆ ಆ ಕೃಷಿಕನ ಸಂಪರ್ಕ ಸಂಖ್ಯೆ, ಬೇಕಾದರೆ ಓದುಗರು ಕೇಳಿ ಪರೀಕ್ಷಿಸಬಹುದು. ನನ್ನ ಪ್ರಮಾಣಪತ್ರದ ಗದ್ಯದಲ್ಲಿ ಇದ್ಯಾವುದೂ ಇಲ್ಲ. 'ಸಹಕರಿಸಿದ್ದಾರೆ' ಎನ್ನುವ ಕ್ರಿಯಾಪದಕ್ಕೆ ಕರ್ಮವೇ ಇಲ್ಲ. ಹೆಸರು ಹಾಕುವುದು, ಕೆಲಸ ಏನೆಂದು ಹೇಳುವುದು, ತಿದ್ದುವವರು ಪಕ್ಕದಲ್ಲಿ ಕೂರುವುದು, ಈ ಮೂರರಿಂದ ಹವ್ಯಾಸಿಯೊಬ್ಬ ವೃತ್ತಿಗಾರ ಆಗುತ್ತಾನೆ. ನನ್ನ 30 ದಿನದಲ್ಲಿ ಒಂದು ಅನುವಾದವನ್ನೂ ಯಾರೂ ತಿದ್ದಲಿಲ್ಲ. ಹಣಕ್ಕಿಂತ ಹೆಚ್ಚು ನನಗೆ ನಷ್ಟ ಆದದ್ದು ಅದು. ಒಂದು ವೇಳೆ ನಾನು ಅನಂತರಾವಕಾಶಿಯನ್ನು ತಪ್ಪಾಗಿ ಬರೆದಿದ್ದರೆ ಒಂದು ಮನೆಯ ಜಾಗದ ಕಾಗದ ತಿಂಗಳುಗಟ್ಟಲೆ ತಿರುಗುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅಡಿಕೆ ಪತ್ರಿಕೆಗೂ ಮಿತಿ ಉಂಟು. ನಾನು ಓದಿದ ಸಂಚಿಕೆಗಳಲ್ಲಿ ಬರೆಯುವವರು ಬಹುತೇಕ ತೋಟದ ಯಜಮಾನರು. ಮರ ಹತ್ತುವವರ ಹೆಸರು ಲೇಖಕರ ಜಾಗದಲ್ಲಿ ಕಾಣುವುದು ಅಪರೂಪ. ಆದರೆ ಮರ ಹತ್ತುವವರ ವಿಷಯದಲ್ಲಿ ಇನ್ನೊಂದು ಉದಾಹರಣೆ ಉಂಟು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಕೇರಳದಲ್ಲಿ 'ತೆಂಙಿನ್ ಚಙ್ಙಾತಿಕೂಟ್ಟಂ', ತೆಂಗಿನ ಗೆಳೆಯರ ಕೂಟ, ಶುರು ಮಾಡಿತು. ಯುವಕ ಯುವತಿಯರಿಗೆ ಆರು ದಿನದ ತರಬೇತಿ, ಮರ ಹತ್ತುವ ಯಂತ್ರ, ಅಪಘಾತ ವಿಮೆ. ಕಲಿತವರು ಯಂತ್ರ ಹೊತ್ತುಕೊಂಡು ಊರಿಗೆ ಹೋಗಿ ಮರಕ್ಕೆ ಇಷ್ಟು ಅಂತ ಕೇಳಿ ತೆಗೆದುಕೊಂಡರು. ಮರಕ್ಕೆ ಹತ್ತುವುದು ಅಪಾಯದ ಕೆಲಸ, ಹಾಗಾಗಿ ವಿಮೆ ಅಂತ ನೀವು ಹೇಳಬಹುದು. ಸರಿ. ಆದರೆ ಉಪಕರಣ? ಅನುವಾದಕರ ಉಪಕರಣ ಪದಕೋಶ. ಕಚೇರಿಯ ಮಲಯಾಳದಿಂದ ಕಾಸರಗೋಡಿನ ಜನ ಮಾತಾಡುವ ಕನ್ನಡಕ್ಕೆ, ಭೂನಿಕುತಿ ಅಂದರೆ ತೀರ್ವೆ ಅಂತ ಹೇಳುವ ಒಂದು ಸಣ್ಣ ಪುಸ್ತಕ ನನ್ನ ಕೈಗೆ ಯಾರೂ ಕೊಡಲಿಲ್ಲ. ನಾನೇ ನೋಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ನನಗಿಂತ ಮೊದಲು ಅಲ್ಲಿ ಕೂತವರೂ ಬರೆದುಕೊಂಡಿರಬಹುದು.

ನಮ್ಮ ವಿಭಾಗಗಳು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದನ್ನು ಒಂದು ಪಠ್ಯದ ಹಾಗೆ ಓದಬೇಕು ಎನ್ನುವುದು ನನ್ನ ಬೇಡಿಕೆ. ಕೆಲಸದ ಹೆಸರು ಬರೆದಿದೆಯೋ, ತಿದ್ದುವವರು ಯಾರು, ಬಸ್ಸಿನ ಖರ್ಚು ಯಾರದ್ದು. ಹಾಗೆಯೇ ಯಾರ ಬಾಗಿಲು ತಟ್ಟುವುದು ಅನ್ನುವುದನ್ನೂ ಯೋಚಿಸಬೇಕು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ. ಗಡಿ ಅದರ ವ್ಯವಹಾರದ ಒಳಗೇ ಇದೆ. ಕೂಡ್ಲಿನ ತೋಟಗಾರಿಕಾ ಬೆಳೆ ಸಂಶೋಧನಾ ಸಂಸ್ಥೆ 1916ರ ತೆಂಗು ಸಂಶೋಧನಾ ಕೇಂದ್ರದಿಂದ ಬೆಳೆದದ್ದು. ವಿಜ್ಞಾನಿಯ ಇಂಗ್ಲಿಷಿನಿಂದ ಕೃಷಿಕನ ಕನ್ನಡಕ್ಕೆ ಅಲ್ಲಿ ಎಷ್ಟು ಕೆಲಸ ಇರಬಹುದು ಯೋಚಿಸಿ. ಸಹಕಾರಿ ಬ್ಯಾಂಕುಗಳು, ಆಸ್ಪತ್ರೆಗಳ ವಿಚಾರಣಾ ಕೌಂಟರು. ಇಲ್ಲೆಲ್ಲ ಕನ್ನಡ ಅಭಿಮಾನದ ವಿಷಯ ಅಲ್ಲ, ದಿನದ ಕೆಲಸದ ಅಗತ್ಯ. ಅಭಿಮಾನದ ಹೆಸರಲ್ಲಿ ಹೋದರೆ ನಮಗೆ ಶಾಲು ಸಿಗ್ತದೆ, ಕೆಲಸ ಸಿಗುವುದಿಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದ್ತೇನೆ. "ಹಣ ಕೇಳಿದರೆ ಕನ್ನಡದವರನ್ನು ಇಂಟರ್ನ್ ಆಗಿ ತೆಗೆದುಕೊಳ್ಳುವವರೇ ಇರುವುದಿಲ್ಲ, ಆಗ ಕ್ರೆಡಿಟ್ ಹೇಗೆ ತುಂಬಿಸುವುದು?" ನ್ಯಾಯವಾದ ಪ್ರಶ್ನೆ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಜೂನಿಯರುಗಳು ನನ್ನ ಮಾತು ಕೇಳಿ ಜಗಳ ಮಾಡಿ ಕ್ರೆಡಿಟ್ ಕಳಕೊಂಡರೆ ಅದರ ಭಾರ ನನ್ನ ಮೇಲೆ. ಹಣ ಆಗದಿದ್ದರೆ ಕನಿಷ್ಠ ಕ್ರಿಯಾಪದವನ್ನಾದರೂ ಕೇಳಿ ಅಂತ ಹೇಳ್ತೇನೆ. ಕಳೆದ ತಿಂಗಳು ನಾನು ಅಲ್ಲಿಗೆ ಪುನಃ ಹೋದೆ, ಪ್ರಮಾಣಪತ್ರದಲ್ಲಿ 'ಮಲಯಾಳ–ಕನ್ನಡ ಅನುವಾದ ಮಾಡಿದ್ದಾರೆ' ಅಂತ ತಿದ್ದಿ ಕೊಡಬಹುದಾ ಅಂತ ಕೇಳಿದೆ. ನಮೂನೆ ಮೇಲಿನಿಂದ ಬರ್ತದೆ, ಬದಲಿಸ್ಲಿಕ್ಕೆ ಆಗುವುದಿಲ್ಲ ಅಂದರು. ಮರ್ಯಾದೆಯಿಂದಲೇ ಹೇಳಿದರು, ಚಾ ಕೂಡ ಕೊಟ್ಟರು. ಕುರ್ಚಿಯಲ್ಲಿ ನಮ್ಮದೇ ಕಾಲೇಜಿನ ಎರಡನೇ ವರ್ಷದ ಹುಡುಗಿ ಒಬ್ಬಳು ಕೂತಿದ್ದಳು. ನನ್ನ ಪದಪಟ್ಟಿಯ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಎರಡು ಕಡೆ ತಪ್ಪು ಉಂಟು ಅಂತ ಸಂಜೆಯೇ ಮೆಸೇಜ್ ಬಂತು. ನನ್ನ ಕೆಲಸವನ್ನು ಮೊದಲ ಸಲ ಒಬ್ಬರು ತಿದ್ದಿದ್ದು ಅದು.